ಪಾಸ್‌ವರ್ಡಿಗೊಂದು ಒಡಪು

ಹೂವು ಮಾರಿದ ದುಡ್ಡೆಲ್ಲ ಬಂದು ಬೀಳುವ ನಮ್ಮ ಬ್ಯಾಂಕ್ ಖಾತೆ ಇವತ್ತೇ ಬಂದ್ ಆಗುತ್ತದೆ, ಕೂಡಲೇ ಪಾಸ್‌ವರ್ಡ್ ಕಳಿಸಿ ಅಂತ ಮೇಲ್ ಬಂದಿತ್ತು. ಅದನ್ನು ಓದಿ ಹೇಳಿದವಳು ಹಡಗಲಿಯ ಇಂಟರ್ನೆಟ್ ಅಂಗಡಿಯ ಶಾಂತಾ. “ಹಂಗಾರ ಲಗೂನ ಕಳಿಸವ್ವಾ” ಅಂದೆ.

“ಪಾಸ್‌ವರ್ಡ್ ಹೇಳ್ರಿ ಅಕ್ಕಾರ, ಹೊಡಿತೀನಿ.”

ನಮ್ಮವರು ಪಾಸ್‌ವರ್ಡಿಗೆ ತಮ್ಮದೇ ಹೆಸರಿಟ್ಟಿದ್ದರು. ಗಂಡನ ಹೆಸರನ್ನು ಹಾಗೇ ಹೇಳುವುದುಂಟೇ? ಮದುವೆಯಲ್ಲಿ ಹೇಳುವಂತೆ, ಹೆಸರು ಕೊನೆಗೆ ಬರುವ ಒಡಪು ಶುರು ಮಾಡಿದೆ.

“ಹಡಗಲಿ ಮಲ್ಲಿಗಿ ಹೆರಳಿಗೆ ಚಂದ, ಹೆರಳು ಜಗ್ಗೋ ಮಗಳು ಮನಿಗೆ ಚಂದ...”

“ಹೆಸರು ಬರೋದ್ರಾಗ ಖಾತಿ ಮುಚ್ಚತೈತ್ರಿ.”

“ನಾಳೆ ನಿನ್ನ ಮದುವ್ಯಾಗ ನೀನೂ ಹೇಳಾಕಿ. ಸುಮ್ನ ಕಲ್ತುಕೋ.”

ಅವಳು ತಾಳಲಾರದೆ ನನ್ನ ಫೋನ್ ತಗೊಂಡು ನಮ್ಮವರಿಗೇ ಹಚ್ಚಿದಳು. “ಅಣ್ಣಾರ, ಬ್ಯಾಂಕಿನವರು ಪಾಸ್‌ವರ್ಡ್ ಕೇಳ್ಯಾರ. ಅಕ್ಕಾರ ಬಾಯಾಗ ನಿಮ್ಮ ಹೆಸರು ಬರವಲ್ದು, ನೀವರ ಹೇಳ್ರಿ.”

ಅವರ ದನಿ ನನಗೂ ಕೇಳಿತು. “ಏನೂ ಕಳಿಸಬ್ಯಾಡವ್ವಾ. ಇಂಥವೆಲ್ಲ ಕಳ್ಳರ ಮೇಲ್ ಅಂತ ಬ್ಯಾಂಕಿನಾಗ ಬೋರ್ಡ್ ಹಾಕ್ಯಾರ.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಶಾಂತಾ ಉಳಿದ ಒಡಪನ್ನೂ ಹೆಸರಿನ ಸಮೇತ ಹೇಳಿಸಿಕೊಂಡೇ ಬಿಟ್ಟಳು.

ಅವತ್ತೇ ನಮ್ಮವರು ಪಾಸ್‌ವರ್ಡ್ ಬದಲಿಸಿ ತಮ್ಮ ಅವ್ವನ ಹೆಸರಿಟ್ಟರು. ಈಗ ಖಾತೆ ಬಲು ಭದ್ರ. ಅತ್ತೆಯ ಹೆಸರಿಗೆ ಒಡಪು ಕಟ್ಟುವ ಧೈರ್ಯ ನನಗಿನ್ನೂ ಬಂದಿಲ್ಲ.