ಕಂಡಕ್ಟರಮ್ಮನ ಕೊನೇ ಟ್ರಿಪ್ಪು

ಬಸ್ಸಿನ ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಕಂಡಕ್ಟರಮ್ಮನ ಮೈಯಿಂದ ಬಸ್ಸು ಇಳಿದಿರಲಿಲ್ಲ. ಮನೆಯಲ್ಲಿ ಯಾರಾದರೂ ಬಾಗಿಲಿಗೆ ಅಡ್ಡ ನಿಂತು ಮಾತಾಡುತ್ತಿದ್ದರೆ "ಒಳಗೆ ಹೋಗಿ, ಒಳಗೆ ಜಾಗ ಇದೆ" ಎನ್ನುತ್ತಿದ್ದರು. ಗಂಡ ಬಚ್ಚಲಿಂದ ಹೊರಬರುವುದು ತಡವಾದರೆ "ಇಳಿಯೋರು ಬೇಗ ಇಳೀರಿ, ಹತ್ತೋರು ಕಾಯ್ತಿದಾರೆ" ಎಂದು ಕದ ತಟ್ಟುತ್ತಿದ್ದರು. ಕೊರಳಿನ ಕಪ್ಪು ದಾರದಲ್ಲಿ ಹಳೆಯ ಸೀಟಿ ಇನ್ನೂ ತೂಗಾಡುತ್ತಿತ್ತು. ಅದನ್ನು ತೆಗೆದಿಡಿ ಎಂದು ಹೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹೇಳಿದ್ದರೂ ಕೇಳುವ ಹೆಂಗಸು ಅದಲ್ಲ.

ಹಿತ್ತಲಲ್ಲಿ ಆಕೆಗೆ ಇನ್ನೊಂದು ಬಸ್ಸಿತ್ತು. ಮರದ ಚೌಕಟ್ಟು, ಸುತ್ತ ತಂತಿಬಲೆ, ಮೇಲೊಂದು ತಗಡು, ಒಂದು ತುದಿಗೆ ಹಳೇ ಸೈಕಲ್ಲಿನ ಚಕ್ರಗಳು. ತಳ ಮಾತ್ರ ಇಲ್ಲ. ಅದರೊಳಗೆ ಮಾಂಸಕ್ಕೆಂದು ಸಾಕುವ ಬಿಳಿ ಬ್ರಾಯ್ಲರ್ ಕೋಳಿಗಳು. ದಿನಾ ಬೆಳಿಗ್ಗೆ ಆ ಗೂಡನ್ನು ಅದರ ಉದ್ದದಷ್ಟು ಮುಂದಕ್ಕೆ ಎಳೆಯಬೇಕು. ನಿನ್ನೆಯ ಹಿಕ್ಕೆ ಹಿಂದೆ ಉಳಿದು ಹುಲ್ಲಿಗೆ ಗೊಬ್ಬರವಾಗುತ್ತದೆ, ಕೋಳಿಗಳಿಗೆ ಇವತ್ತಿನ ಹೊಸ ಹುಲ್ಲು ಸಿಗುತ್ತದೆ. ಎಳೆಯುವ ಮೊದಲು ಕಂಡಕ್ಟರಮ್ಮ ಸೀಟಿ ಊದಿ "ರೈಟ್, ರೈಟ್" ಎಂದು ಕೂಗಿ ಮುಂದುಗಡೆ ಕಾಳಿನ ತಟ್ಟೆ ಇಡುವರು. ಕೋಳಿಗಳು ಗಿಡ್ಡ ಕಾಲಿನ ಮೇಲೆ ದಪ್ಪ ಮೈ ಹೊತ್ತು ಓಲಾಡುತ್ತ ಮುಂದಕ್ಕೆ ಬರುವವು. ಹಳದಿ ಮರಿಗಳು ಬಂದು ಬಲ್ಬಿನ ಕಾವಿನಲ್ಲಿ ಬೆಳೆದು, ಹುಲ್ಲಿಗೆ ಇಳಿದು, ಕೊನೆಗೆ ಫ್ರೀಜರ್ ಸೇರುವ ತನಕದ ಒಂದು ಸುತ್ತಿಗೆ ಆಕೆ ಇಟ್ಟ ಹೆಸರು ಟ್ರಿಪ್ಪು. ಕೋಳಿಗಳಿಗೆ ಮಾತ್ರ ಹೆಸರಿಡುವ ಹಾಗಿಲ್ಲ. ಮೊಮ್ಮಗಳು ಒಮ್ಮೆ ಒಂದಕ್ಕೆ ಮುದ್ದಿನ ಹೆಸರಿಟ್ಟು, ಊಟದ ಹೊತ್ತಿಗೆ ಅತ್ತು ಕರೆದು ರಂಪ ಮಾಡಿದ ಮೇಲೆ ಆ ಕಾನೂನು ಬಂದಿತ್ತು. ಅಂದಿನಿಂದ ಎಲ್ಲವೂ ಬರೀ ಪ್ಯಾಸೆಂಜರುಗಳು.

ಕೊಯ್ಯುವ ದಿನ ಮನೆಯ ಐದೂ ಜನ ಹಿತ್ತಲಲ್ಲೇ. ಮಗ ಲಿಫ್ಟ್ ಮೆಕ್ಯಾನಿಕ್ಕು. ಗೂಡಿನಿಂದ ಕೋಳಿ ಹಿಡಿದು ತರುವುದು, ಕೊಯ್ದದ್ದನ್ನು ಬಿಸಿನೀರಿನ ಹಂಡೆಯಲ್ಲಿ ಅದ್ದಿ ತೆಗೆಯುವುದು ಅವನ ಪಾಲು. ಚೂರಿ ಕಂಡಕ್ಟರಮ್ಮನದು. ಗಂಡ ಕೈಗಡಿಯಾರ ರಿಪೇರಿ ಮಾಡಿ ಕಣ್ಣು ಸಣ್ಣ ಮಾಡಿಕೊಂಡವರು. ಪುಕ್ಕ ಕೀಳುವುದಕ್ಕೆ ಕೂತರೆ ಒಂಟಿಕಣ್ಣಿನ ಭೂತಗನ್ನಡಿ ಸಿಕ್ಕಿಸಿಕೊಂಡು, ಚರ್ಮದೊಳಗೆ ಅಡಗಿದ ಎಳೆ ಪುಕ್ಕವನ್ನೂ ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡುವರು. "ರೀ, ಅದು ಕೋಳಿ. ಅದಕ್ಕೆ ಮುಳ್ಳು ಕೂರಿಸಬೇಕಾಗಿಲ್ಲ" ಎಂದು ಹೆಂಡತಿ ಪ್ರತಿ ಸಲ ಹೇಳುವುದು, ಅವರು ಪ್ರತಿ ಸಲ ಹೂಂಗುಟ್ಟುವುದು. ಸೊಸೆ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವ ಟೈಲರು. ಬೆರಳು ಸಣ್ಣ, ಕೈ ಹಗುರ; ಹೊಟ್ಟೆ ಸೀಳಿ ಪಿತ್ತಕೋಶ ಒಡೆಯದಂತೆ ಕರುಳು ತೆಗೆಯುವುದರಲ್ಲಿ ಅವಳದು ಎತ್ತಿದ ಕೈ. ಮೊಮ್ಮಗಳು ತೊಳೆದ ಕೋಳಿಗಳನ್ನು ಮಂಜುಗಡ್ಡೆಯ ನೀರಿಗೆ ಇಳಿಬಿಟ್ಟು, ಕೆಲಸ ಮುಗಿಯುವ ತನಕ ಎಲ್ಲರ ತಲೆ ತಿನ್ನುತ್ತಿದ್ದಳು.

ಈ ಸಲದ ಟ್ರಿಪ್ಪಿನ ನಡುವೆ ಕಂಡಕ್ಟರಮ್ಮನ ಮೊಣಕಾಲಿಗೆ ಆಪರೇಷನ್ ಆಯಿತು. ಗೂಡು ಎಳೆಯುವುದು ಮಗ ಸೊಸೆಯ ಕೊರಳಿಗೆ ಬಿತ್ತು. ಒಂದು ದಿನ ಊಟಕ್ಕೆ ಕೂತಾಗ ಮಗ ತಟ್ಟೆ ನೋಡುತ್ತ ಹೇಳಿದ:

"ಅಮ್ಮಾ, ಇದೇ ಕೊನೇದು ಮಾಡ್ಬಿಡೋಣ. ನಿನಗೆ ಕಾಲಿಲ್ಲ, ಇವಳಿಗೆ ಬೆನ್ನಿಲ್ಲ, ನನಗೆ ರಜಾ ಇಲ್ಲ. ಸಸಿ ಇಡೋಕೆ ಗೂಡು ಬೇಕು ಅಂತ ಗಿಡದ ನರ್ಸರಿಯವರು ಕೇಳಿದಾರೆ, ಕೊಟ್ಬಿಡೋಣ."

ಸೊಸೆ ಬೇಡ ಅನ್ನಲಿಲ್ಲ. ಪ್ರತಿ ಟ್ರಿಪ್ಪಿನ ಮಾರನೇ ದಿನ ಅವಳು ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗುವುದನ್ನು ಕಂಡಕ್ಟರಮ್ಮ ಕಂಡಿದ್ದರು. ಹೊಲಿಗೆಯಿಂದ ಬಂದ ನೋವು ಎಂದುಕೊಂಡು ಸುಮ್ಮನಾಗಿದ್ದರು.

"ಆಯ್ತು" ಎಂದರು ಕಂಡಕ್ಟರಮ್ಮ. ಅಷ್ಟು ಸಲೀಸಾಗಿ ಒಪ್ಪಿದ್ದು ಕಂಡು ಗಂಡ ಕನ್ನಡಕ ತೆಗೆದು ಅವರ ಮುಖ ನೋಡಿದರು.

ಕೋಳಿಮಾಂಸ ಅಂಗಡಿಯಲ್ಲಿ ಸಿಗುತ್ತದೆ, ಅದೇನು ದೊಡ್ಡ ಮಾತಲ್ಲ. ಅಂಗಡಿಯಲ್ಲಿ ಸಿಗದಿದ್ದದ್ದು ಆ ದಿನ. ಬಸ್ಸಿನ ಕಾಲದಲ್ಲಿ ಊರಿಗೆಲ್ಲ ರಜೆ ಇದ್ದಾಗ ಆಕೆಗೆ ಡ್ಯೂಟಿ. ಈಗ ಆಕೆಗೆ ರಜೆ, ಮನೆಗೆಲ್ಲ ಡ್ಯೂಟಿ. ಯಾವುದೋ ಕಟ್ಟಡದಲ್ಲಿ ಲಿಫ್ಟು ನಿಂತರೆ ಮಗ ಅನ್ನದ ಮುಂದಿನಿಂದ ಎದ್ದು ಹೋಗುತ್ತಿದ್ದ. ಕೊಯ್ಯುವ ದಿನ ಮಾತ್ರ ಎಲ್ಲರ ಕೈಯೂ ಒದ್ದೆ, ಯಾರೂ ಫೋನ್ ಎತ್ತುವ ಹಾಗಿಲ್ಲ, ಯಾರೂ ಎಲ್ಲಿಗೂ ಹೋಗುವ ಹಾಗಿಲ್ಲ. ಆ ಒಂದು ದಿನಕ್ಕಾಗಿ ಆಕೆ ಇಷ್ಟೆಲ್ಲ ಕೋಳಿ ಸಾಕುತ್ತಿದ್ದರು. ಇದನ್ನು ಬಾಯಿಬಿಟ್ಟು ಹೇಳುವುದಕ್ಕೆ ನಾಚಿಕೆ. ಹೇಳಿದರೆ ಕಣ್ಣಲ್ಲಿ ನೀರು ಬಂದೀತು ಎಂಬ ಭಯ ಬೇರೆ.

ಕೊನೇದಾದರೇನು, ಅಚ್ಚುಕಟ್ಟಾಗಿ ಆಗಲಿ ಎಂದು ಆಕೆ ಹಿಂದಿನ ಸಂಜೆಯೇ ಕಾಳಿನ ತಟ್ಟೆ ತೆಗೆಸಿದರು. ಕೊಯ್ಯುವಾಗ ಕರುಳು ಖಾಲಿ ಇರಬೇಕು. ನೀರು ಮಾತ್ರ ಸಾಕು. ಬೆಳಿಗ್ಗೆ ಹಂಡೆ ಕಾಯಿತು. ಗೋಡೆಗೆ ತಗಡಿನ ದೊಡ್ಡ ಆಲಿಕೆ ಬಿಗಿದಾಯಿತು. ಕೋಳಿಯನ್ನು ತಲೆಕೆಳಗಾಗಿ ಅದರೊಳಗೆ ಇಳಿಸಿದರೆ ರೆಕ್ಕೆ ಬಡಿಯದೆ ಸುಮ್ಮನಿರುತ್ತದೆ. ಮೇಜು ತೊಳೆದಾಯಿತು, ಚೂರಿ ಮಸೆದಾಯಿತು. ಮಗ ಮೊದಲ ಕೋಳಿ ಹಿಡಿಯಲು ಗೂಡಿನ ಮುಂಬದಿಯನ್ನು ಎತ್ತಿ ಬಗ್ಗಿದ. ಎಲ್ಲರೂ ಅವರವರ ಜಾಗದಲ್ಲಿ ನಿಂತದ್ದು ಕಂಡು ಕಂಡಕ್ಟರಮ್ಮನಿಗೆ ಎದೆ ತುಂಬಿ ಬಂತು. ಆ ಸಂಭ್ರಮದಲ್ಲಿ ಕೈ ತಾನಾಗಿಯೇ ಕೊರಳಿಗೆ ಹೋಯಿತು.

"ರೈಟ್!" ಎಂದು ಸೀಟಿ ಊದಿಯೇ ಬಿಟ್ಟರು.

ರಾತ್ರಿಯೆಲ್ಲ ಹಸಿದಿದ್ದ ಪ್ಯಾಸೆಂಜರುಗಳಿಗೆ ಇನ್ನೇನು ಬೇಕು? ಸೀಟಿ ಎಂದರೆ ಕಾಳು. ಮಗನ ಕಾಲಸಂದಿಯಿಂದ, ತೋಳಿನಡಿಯಿಂದ, ಒಂದಂತೂ ಬೆನ್ನಮೇಲಿಂದ ಹತ್ತಿಳಿದು, ಗೂಡಿಗೆ ಗೂಡೇ ಆಕೆಯತ್ತ ನುಗ್ಗಿತು. ಬಿಳಿ ಕೋಳಿಗಳು ಕಾಲಿಗೆ ಸುತ್ತಿಕೊಂಡು, ಚಪ್ಪಲಿ ಕುಕ್ಕಿ, ಪುಕ್ಕ ತುಂಬುವ ಬುಟ್ಟಿ ಉರುಳಿಸಿದವು.

"ಹೋಲ್ಡಾನ್! ಹೋಲ್ಡಾನ್!" ಎಂದು ಕಂಡಕ್ಟರಮ್ಮ ಮತ್ತೆ ಸೀಟಿ ಊದಿದರು. ಹಿಂದೆ ಉಳಿದಿದ್ದ ಸೋಮಾರಿಗಳೂ ಆಗ ಎದ್ದು ಬಂದವು.

"ಅಮ್ಮಾ, ಊದಬೇಡ!"

"ಅಜ್ಜಿ, ಅವು ಹತ್ತೋವಾ ಇಳಿಯೋವಾ?" ಮೊಮ್ಮಗಳಿಗೆ ಆ ಹೊತ್ತಿನಲ್ಲೂ ಪ್ರಶ್ನೆ.

ಕಾಳು ಎಲ್ಲೂ ಇಲ್ಲವೆಂದು ಗೊತ್ತಾದದ್ದೇ ತಡ, ಕೋಳಿಗಳು ದಿಕ್ಕಾಪಾಲಾದವು. ಆ ಗಿಡ್ಡ ಕಾಲಿನಲ್ಲಿ ಅವು ಮಗನಿಗೆ ಚಳ್ಳೆಹಣ್ಣು ತಿನ್ನಿಸಿದ ರೀತಿ ನೋಡಬೇಕಿತ್ತು. ಗಂಡ ಭೂತಗನ್ನಡಿ ತೆಗೆಯಲು ಮರೆತು, ಅಂಗೈಯಷ್ಟು ಹತ್ತಿರ ಕಂಡ ಕೋಳಿಗೆ ಕೈ ಚಾಚಿ ಗಾಳಿಯನ್ನು ಹಿಡಿದು ಹಿಡಿದು ಸುಸ್ತಾದರು. ಒಂದು ಕೋಳಿ ಅಡುಗೆಮನೆ ಹಾದು ಹೊಲಿಗೆಯ ಕೋಣೆಗೆ ಕಾಲಿಟ್ಟಿತು. ಅಲ್ಲಿ ಇಸ್ತ್ರಿ ಮಾಡಿಟ್ಟ ಬಿಳಿ ಶರಟುಗಳ ರಾಶಿ ಇತ್ತು. ಮುಗಿಯಿತು ಕಥೆ, ಇನ್ನು ಗೂಡು ನರ್ಸರಿಗೆ ಇವತ್ತೇ ಹೋಗುತ್ತದೆ ಎಂದುಕೊಂಡರು ಕಂಡಕ್ಟರಮ್ಮ.

ಸೊಸೆ ಒಳಗೆ ಓಡಿದಳು. ಸ್ವಲ್ಪ ಹೊತ್ತಿಗೆ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಿಗೆ ಬಂದಳು. ಮುಖ ಕೆಂಪಾಗಿತ್ತು, ಹೆಗಲು ಕುಣಿಯುತ್ತಿತ್ತು.

"ಶರಟಿನ ರಾಶಿ ಮೇಲೆ ರಾಜನ ಹಾಗೆ ಕೂತಿತ್ತು, ಅತ್ತೆ" ಎಂದಳು, ಉಸಿರು ಹಿಡಿಯಲಾರದೆ. "ಹೊಟ್ಟೆ ಖಾಲಿ ಇತ್ತಲ್ಲ, ಒಂದು ಕಲೆ ಕೂಡ ಇಲ್ಲ!"

ಅಷ್ಟು ಹೇಳಿ ಅವಳು ನಗಲು ಶುರು ಮಾಡಿದಳು. ಆಮೇಲೆ ಮಗ ಹುಲ್ಲಿನ ಮೇಲೆ ಅಂಗಾತ ಬಿದ್ದು ನಕ್ಕ. ಹೊಟ್ಟೆ ಹುಣ್ಣಾಗುವಷ್ಟು ನಕ್ಕರು ಎಲ್ಲರೂ.

ಕೋಳಿಗಳೇನೋ ಮತ್ತೆ ಗೂಡು ಸೇರಿದವು. ಆದರೆ ಹೆದರಿ ಏದುಸಿರು ಬಿಡುವ ಕೋಳಿಗೆ ಕಂಡಕ್ಟರಮ್ಮ ಚೂರಿ ತಾಗಿಸುವವರಲ್ಲ. ಅದು ಆ ಹಿತ್ತಲಿನ ಮೊದಲ ಕಾನೂನು. ಮಾಂಸ ಗಟ್ಟಿಯಾಗುತ್ತದೆ ಎಂಬುದು ಆಮೇಲಿನ ಮಾತು, ಹೆದರಿಸಿ ಕೊಲ್ಲುವುದು ತಪ್ಪು ಎಂಬುದು ಮುಂಚಿನ ಮಾತು. ಹಾಗಾಗಿ ಅವು ನೀರು ಕುಡಿದು, ರೆಕ್ಕೆ ಮಡಚಿ ಕೂರುವ ತನಕ ಐದೂ ಜನ ಗೋಡೆಯ ನೆರಳಲ್ಲಿ ಸಾಲಾಗಿ ಕೂತು ಚಹಾ ಕುಡಿದರು. ಮಗನ ಫೋನು ಒಳಗೆಲ್ಲೋ ಬಡಿದುಕೊಂಡು ಸುಮ್ಮನಾಯಿತು. ಅವನು ಏಳಲಿಲ್ಲ.

ಕೆಲಸ ಶುರುವಾದಾಗ ಕಂಡಕ್ಟರಮ್ಮನ ಮೊಣಕಾಲು ಕೈಕೊಟ್ಟಿತು. ಗಲಾಟೆಯಲ್ಲಿ ಅದು ಎರಡು ಸಲ ತಿರುಚಿತ್ತು. ಜೀವಮಾನದಲ್ಲಿ ಮೊದಲ ಸಲ ಆಕೆ ಆಲಿಕೆಯನ್ನು ಕೆಳಗಿಳಿಸಿ ಕಟ್ಟಿಸಿ, ಸ್ಟೂಲು ಹಾಕಿಕೊಂಡು ಕೂತು ಚೂರಿ ಹಿಡಿದರು. ಎಡಗೈಯಲ್ಲಿ ತಲೆಯನ್ನು ಮೆತ್ತಗೆ ಹಿಡಿದು, ಒಂದೇ ಗೀರು, ಆಳವಾಗಿ. "ಹೋಗಿ ಬಾ" ಎಂದು ಪ್ರತಿಯೊಂದಕ್ಕೂ ಹೇಳಿದರು. ಮಗ ಅದ್ದಿದ, ಗಂಡ ಕಿತ್ತರು, ಮೇಜಿನ ಮೇಲೆ ಕೋಳಿಗಳು ಸಾಲುಗಟ್ಟಿದವು.

ನಿಂತು ಕೆಲಸ ಮಾಡುವಾಗ ಆಕೆಗೆ ಎಲ್ಲರ ಕೈ ಕಾಣುತ್ತಿತ್ತು. ಕೂತಾಗ ಕಾಲು ಕಂಡಿತು.

ಸೊಸೆಯ ಹಿಮ್ಮಡಿ ನೆಲಕ್ಕೆ ತಾಗಿರಲಿಲ್ಲ. ಬೆರಳ ತುದಿಯ ಮೇಲೆ ನಿಂತು, ಹೆಗಲನ್ನು ಕಿವಿಯ ತನಕ ಎತ್ತಿ, ಮೇಜಿನ ಅಂಚಿಗೆ ಎದೆ ಒತ್ತಿಕೊಂಡು ಅವಳು ಕೋಳಿಯ ಹೊಟ್ಟೆಯೊಳಗೆ ಕೈ ಹಾಕುತ್ತಿದ್ದಳು. ಒಂದು ಕೋಳಿ ಮುಗಿದೊಡನೆ ಹಿಮ್ಮಡಿ ಇಳಿಸಿ ಸೊಂಟಕ್ಕೆ ಮುಂಗೈ ಒತ್ತಿಕೊಳ್ಳುವಳು, ಮತ್ತೆ ತುದಿಗಾಲು. ಆ ಮೇಜನ್ನು ಮಾಡಿಸಿದ್ದು ಕಂಡಕ್ಟರಮ್ಮ. ಬಡಗಿಯ ಎದುರು ನಿಂತು, ಕೈ ಇಳಿಬಿಟ್ಟು, ತನ್ನ ಎತ್ತರಕ್ಕೆ. ಬಸ್ಸಿನ ತಲೆಮೇಲಿನ ಸರಳು ತಾಗುವಷ್ಟು ಎತ್ತರದ ಹೆಂಗಸು ಅವರು. ಸೊಸೆ ಅವರ ಹೆಗಲಿಗೂ ಬರುವುದಿಲ್ಲ. ಮದುವೆಯಾಗಿ ಬಂದಂದಿನಿಂದ ಅವಳು ಹೀಗೇ ನಿಂತಿದ್ದಳು. ತುಂಬಿದ ಬಸ್ಸಿನಲ್ಲಿ ಕೊನೆಯ ಸೀಟಿನ ಹತ್ತಿರ ಯಾರ ಕಾಲು ನೋಯುತ್ತಿದೆ ಎಂದು ಮುಂಬಾಗಿಲಿಂದಲೇ ಹೇಳುತ್ತಿದ್ದ ತನಗೆ ಇದು ಕಂಡಿರಲಿಲ್ಲವಲ್ಲ ಎಂದು ಆಕೆಗೆ ಸಂಕಟವಾಯಿತು.

"ನಿಲ್ಲಿಸಿ" ಎಂದರು. ಸೀಟಿ ಇಲ್ಲ, ಏನಿಲ್ಲ, ಸಣ್ಣ ದನಿ. "ಗರಗಸ ತಗೊಂಡು ಬಾರೋ."

"ಈಗ? ಯಾಕಮ್ಮ?"

"ಮೇಜಿನ ಕಾಲು ಕತ್ತರಿಸಬೇಕು. ಇವಳ ಅಳತೆಗೆ."

ಸೊಸೆ ಕರುಳು ಹಿಡಿದ ಕೈಯಲ್ಲೇ ತಿರುಗಿದಳು. "ಬೇಡ ಅತ್ತೆ, ಪರವಾಗಿಲ್ಲ. ಇನ್ನೇನು, ಇವತ್ತೊಂದು ದಿನ ತಾನೆ?"

ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಆದರೂ ಕಂಡಕ್ಟರಮ್ಮನಿಗೆ ಅದು ಚುರುಕ್ಕೆಂದಿತು.

"ಒಂದು ದಿನವೋ ಒಂದು ಕೋಳಿಯೋ. ಇಷ್ಟು ವರ್ಷ ನೀನು ಬಾಯಿ ಬಿಡಲಿಲ್ಲ, ನಾನು ಕಣ್ಣು ಬಿಡಲಿಲ್ಲ. ಇವತ್ತಾದ್ರೂ ನೆಟ್ಟಗೆ ನಿಂತುಕೋ."

ಸೊಸೆ ಕೈ ತೊಳೆದು, ಒಳಗಿನಿಂದ ಟೇಪು ತಂದಳು. ಕಂಡಕ್ಟರಮ್ಮ ಕೂತಲ್ಲಿಂದಲೇ ಅವಳ ಮೊಣಕೈಯಿಂದ ನೆಲಕ್ಕೆ ಟೇಪು ಹಿಡಿದರು. ಗಂಡ ಭೂತಗನ್ನಡಿ ಇಳಿಸಿ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಮಗ ಕಾಲುಗಳನ್ನು ಕೊಯ್ದ. ಮೊಮ್ಮಗಳು ಮರದ ತುಂಡುಗಳನ್ನು ಹಂಡೆಯ ಒಲೆಗೆ ಹಾಕಿದಳು. ಸೊಸೆ ಮೇಜಿನ ಮುಂದೆ ಹೋಗಿ ನಿಂತಳು. ಅಂಗಾಲು ಪೂರ್ತಿ ನೆಲಕ್ಕೆ ತಾಗಿತು. ಹೆಗಲು ಇಳಿಯಿತು. ಅವಳು ಮೂರನೇ ಕೋಳಿಯ ಹೊತ್ತಿಗೆ ಗುನುಗಲು ಶುರು ಮಾಡಿದಳು. ಅವಳ ಕೈ ಓಡುವ ವೇಗಕ್ಕೆ ಗಂಡಂದಿರಿಬ್ಬರೂ, ಅಂದರೆ ಅವಳ ಗಂಡ ಮತ್ತು ಅತ್ತೆಯ ಗಂಡ, ಹಿಂದೆ ಬಿದ್ದು ಬೈಸಿಕೊಂಡರು.

ಬಿಸಿಲು ಇಳಿಯುವ ಮುಂಚೆ ಕೆಲಸ ಮುಗಿಯಿತು. ಹಿತ್ತಲಿಗೆ ನೀರು ಹೊಡೆದು, ಪುಕ್ಕ ಕರುಳೆಲ್ಲ ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿದರು. ಖಾಲಿ ಗೂಡು ಒಂದು ಮೂಲೆಯಲ್ಲಿ ನಿಂತಿತ್ತು. ಕಂಡಕ್ಟರಮ್ಮ ಅತ್ತ ನೋಡದೆ, ಒರೆಸಿದ ಚೂರಿಯನ್ನೇ ಮತ್ತೆ ಒರೆಸುತ್ತಿದ್ದರು.

"ಅಮ್ಮಾ, ನರ್ಸರಿಯವರಿಗೆ ಫೋನ್ ಮಾಡ್ಲಾ? ಗೂಡಿನ ಜೊತೆ ಮೇಜೂ ತಗೊಂಡು ಹೋಗಲಿ, ಇಟ್ಕೊಂಡು ಏನು ಮಾಡೋದು" ಎಂದ ಮಗ.

ಕಂಡಕ್ಟರಮ್ಮ ಚೂರಿಯನ್ನು ಬಟ್ಟೆಯಲ್ಲಿ ಸುತ್ತತೊಡಗಿದರು.

ಸೊಸೆ ಮೇಜಿಗೆ ಬಿಸಿನೀರು ಹೊಯ್ದು ತಿಕ್ಕುತ್ತಿದ್ದಳು. ತಿಕ್ಕುವುದನ್ನು ನಿಲ್ಲಿಸದೆಯೇ ಹೇಳಿದಳು:

"ಅದು ಹೇಗೆ ಕೊಡ್ತೀರಿ? ನನ್ನ ಅಳತೆಗೆ ಮಾಡಿರೋದು."