ಫ್ರೇಮಿನ ಕೆಳಗೆ ಉಳಿದ ಕೈಗಳು

೨೦೨೪ರಲ್ಲಿ ನಾನು ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಜ-ಗೊಬ್ಬರದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ವಿಡಿಯೊ ಸಂಕಲನಕಾರನಾಗಿದ್ದೆ. ಆ ಹೊತ್ತಿಗೆ ಈ ಕೆಲಸಕ್ಕೆ ಬಂದು ಇಪ್ಪತ್ತೊಂದು ವರ್ಷ. ಮದುವೆಗಳು, ಶಾಲಾ ವಾರ್ಷಿಕೋತ್ಸವಗಳು, ಕುಡುಮಲಕುಂಟೆ ಕಡೆಯ ಕಾರ್ಖಾನೆಗಳ ಕಾರ್ಮಿಕರಿಗೆ ತೋರಿಸುವ ಸುರಕ್ಷತೆಯ ಚಿತ್ರಗಳು, ಹೀಗೆ ಬಂದದ್ದನ್ನು ಕತ್ತರಿಸಿ ಜೋಡಿಸುತ್ತಿದ್ದೆ. ದಿನಚರಿ ಬರೆಯುವ ಅಭ್ಯಾಸ ಎಂ.ಎ. ಓದುವಾಗಿನಿಂದ ಇದೆ. ಇದನ್ನು ಬರೆಯುವಾಗ ಆ ಪುಸ್ತಕಗಳನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಬರೀ ನೆನಪನ್ನು ನಂಬಿದ್ದರೆ ಈ ಪ್ರಸಂಗದಲ್ಲಿ ನಾನು ಇನ್ನಷ್ಟು ಒಳ್ಳೆಯವನಾಗಿ ಕಾಣುತ್ತಿದ್ದೆ.

ಜೂನ್ ತಿಂಗಳಲ್ಲಿ ಮಂಜುಳಾ ಬಂದರು. ಶಿಡ್ಲಘಟ್ಟದವರು, ಚಿಂತಾಮಣಿಯ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕಿ. ಎರಡು ಪುಟದ ಚಿತ್ರಕಥೆ ತಂದಿದ್ದರು. ರೇಷ್ಮೆಗೂಡಿನ ಮಾರುಕಟ್ಟೆಯ ಜಾಲರಿಗಳಲ್ಲಿ ಗೂಡಿನ ಬದಲು ಮನುಷ್ಯರು ಮಲಗಿದ್ದಾರೆ. ರೇಷ್ಮೆಹುಳುಗಳು ಬಂದು ಒಬ್ಬೊಬ್ಬರನ್ನೇ ಎತ್ತಿ, ವ್ಯಾಪಾರಿಗಳು ಗೂಡು ಪರೀಕ್ಷಿಸುವಂತೆ ಕಿವಿಯ ಹತ್ತಿರ ಅಲುಗಾಡಿಸಿ, ಹರಾಜು ಕೂಗುತ್ತವೆ. ಹರಾಜಾದವರನ್ನು ಬಿಸಿನೀರಿಗೆ ಹಾಕಿ ಎಳೆ ಬಿಚ್ಚುತ್ತವೆ. ಎಳೆಯ ಜೊತೆ ರೇಷನ್ ಕಾರ್ಡು, ಒಂದು ಕಾಲಿನ ಚಪ್ಪಲಿ, ಅರ್ಧ ತಿಂದ ಮುದ್ದೆ ಹೊರಬರುತ್ತವೆ.

"ಮುದ್ದೆ ಯಾಕೆ?" ಎಂದು ಕೇಳಿದೆ.

"ಯಾಕೆ ಅಂತ ಕೇಳಿದ್ರೆ ಸಿನಿಮಾ ಅಲ್ಲಿಗೇ ನಿಂತೋಗತ್ತೆ ಸರ್," ಎಂದು ನಕ್ಕರು. ಆಮೇಲೆ ನಗದೆ ಹೇಳಿದರು: "ಕೊನೇ ಶಾಟ್ ಮಾತ್ರ ನಿಜದ್ದು ಬೇಕು. ನಮ್ಮಮ್ಮನ ಕೈ."

ತಾಯಿ ಲಕ್ಷ್ಮೀದೇವಮ್ಮ ಶಿಡ್ಲಘಟ್ಟದ ನೂಲು ಬಿಚ್ಚುವ ಘಟಕವೊಂದರಲ್ಲಿ ಇಪ್ಪತ್ತಾರು ವರ್ಷ ದುಡಿದು ೨೦೨೧ರಲ್ಲಿ ತೀರಿಕೊಂಡಿದ್ದರು. ಈ ಕೆಲಸ ಹೀಗಿರುತ್ತದೆ: ಬೆಂದ ಗೂಡುಗಳು ಬೇಸಿನ್ ಎಂಬ ತೊಟ್ಟಿಯ ಬಿಸಿನೀರಿನಲ್ಲಿ ತೇಲುತ್ತಿರುತ್ತವೆ. ಕಣ್ಣಿಗೆ ಸರಿಯಾಗಿ ಕಾಣದಷ್ಟು ತೆಳುವಾದ ಎಳೆಯ ತುದಿಯನ್ನು ಬೆರಳಿನಿಂದಲೇ ಹುಡುಕಿ ರಾಟೆಗೆ ಕೊಡಬೇಕು. ಕೈಗವಸು ಹಾಕಿದರೆ ಎಳೆ ಸಿಗುವುದಿಲ್ಲ. ಬೆರಳು ಸುಟ್ಟಾಗ ಅದ್ದಲು ಪಕ್ಕದಲ್ಲೊಂದು ತಣ್ಣೀರಿನ ಬಟ್ಟಲು. ದಿನವಿಡೀ ಬಿಸಿ, ತಣ್ಣಗೆ, ಮತ್ತೆ ಬಿಸಿ. ಬೆರಳ ತುದಿ ಬೆಳ್ಳಗೆ ನೆನೆದು ಬಿರಿಯುತ್ತದೆ, ಸಂದಿಗಳಲ್ಲಿ ಚರ್ಮ ಏಳುತ್ತದೆ. ಆ ಕೈಗಳ ಒಂದು ಫೋಟೊ ಕೂಡ ಮನೆಯಲ್ಲಿರಲಿಲ್ಲ. ಫೋಟೊ ತೆಗೆಸಿಕೊಳ್ಳುವಾಗಲೆಲ್ಲ ಆಕೆ ಅವುಗಳನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದರಂತೆ.

ಕ್ಯಾಮೆರಾ ಬಳಸದೆ ಎಐ ಮೂಲಕ ಚಿತ್ರ ಮಾಡುವುದೆಂದು ತೀರ್ಮಾನವಾಯಿತು. ಬೇಕಾದ ದೃಶ್ಯವನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟರೆ ಕಂಪ್ಯೂಟರ್ ಚಿತ್ರ ತಯಾರಿಸುತ್ತದೆ, ಅದನ್ನು ನಾಲ್ಕೈದು ಸೆಕೆಂಡು ಚಲಿಸುವಂತೆಯೂ ಮಾಡುತ್ತದೆ. ಈ ಬರಹಕ್ಕೆ ಪ್ರಾಂಪ್ಟ್ ಎನ್ನುತ್ತಾರೆ. ಎರಡು ತಿಂಗಳಲ್ಲಿ ಸಾವಿರದ ಮುನ್ನೂರಕ್ಕೂ ಹೆಚ್ಚು ಚಿತ್ರ ತೆಗೆಸಿ, ತೊಂಬತ್ತನಾಲ್ಕನ್ನು ಉಳಿಸಿಕೊಂಡೆವು. ಹುಳುಗಳ ಮಟ್ಟಿಗೆ ಯಂತ್ರ ಬಲು ಸಲೀಸು. ಒಂದು ದಿನ ಮಂಜುಳಾರ ತಂದೆ ಮುನಿಶಾಮಪ್ಪ ಜೊತೆಗೆ ಬಂದರು. ಅದೇ ಘಟಕದಲ್ಲಿ ಬಾಯ್ಲರ್ ನೋಡಿಕೊಂಡಿದ್ದವರು. ಪರದೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಚೂಡಮ್ಮಾ, ನೋಡಿಲ್ಲಿ, ಹುಳ ಕನ್ನಡಕ ಹಾಕ್ಕೊಂಡೈತೆ! ಥೇಟ್ ನಮ್ಮ ಮೇಸ್ತ್ರಿ ಕಣೇ."

ಕೈಗಳ ವಿಷಯಕ್ಕೆ ಬಂದಾಗ ಎಲ್ಲವೂ ಕೆಟ್ಟಿತು. ನೂಲು ಬಿಚ್ಚುವ ಹೆಂಗಸಿನ ಕೈ ಎಂದರೆ ಜಾಹೀರಾತಿನ ಕೈ ಬಂತು, ಉಗುರಿಗೆ ಬಣ್ಣ ಸಮೇತ. ಬಿರಿದ ಕೈ ಎಂದರೆ ತೊಂಬತ್ತರ ಮುದುಕಿಯದು. ಸುಟ್ಟ ಕೈ ಎಂದರೆ ಒಮ್ಮೆ ದೆವ್ವದ ಸಿನಿಮಾದ್ದು, ಇನ್ನೊಮ್ಮೆ ಯಂತ್ರ ಚಿತ್ರ ಕೊಡಲೇ ಒಪ್ಪಲಿಲ್ಲ. ಸರಿಯಾಗಿ ವರ್ಣಿಸೋಣವೆಂದರೆ ತಂದೆ ಮಗಳ ನಡುವೆಯೇ ಒಮ್ಮತವಿರಲಿಲ್ಲ. ಸೊಟ್ಟಗಿದ್ದದ್ದು ಎಡಗೈ ಕಿರುಬೆರಳೆಂದು ಮಗಳು, ಬಲಗೈಯದೆಂದು ತಂದೆ.

"ಬಲಗೈಲಿ ತಲೆ ಬಾಚೋಳು ನಂಗೆ. ನಂಗೊತ್ತಿಲ್ವಾ ಅಪ್ಪಾ?"

"ಮೂವತ್ತು ವರ್ಷ ಊಟಕ್ಕಿಕ್ಕಿದ ಕೈ ಕಣಮ್ಮ. ನನಗೇ ಹೇಳಕ್ ಬರ್ತೀಯಾ?"

ಅದೇ ಮಾತಿನ ನಡುವೆ ಮುನಿಶಾಮಪ್ಪ ನನ್ನ ಕಡೆ ತಿರುಗಿದರು. "ಸಾರ್, ನೀವು ನಮ್ಮ ಯೂನಿಟ್‌ಗೆ ಕ್ಯಾಮೆರಾ ತಗೊಂಡು ಬಂದಿದ್ರಲ್ವಾ?"

ಬಂದಿದ್ದೆ. ೨೦೧೭ರಲ್ಲಿ, ತರಬೇತಿ ಚಿತ್ರವೊಂದಕ್ಕೆ. ಅದು ನನಗೆ ಮೊದಲೇ ಹೊಳೆದಿತ್ತೇ, ಹೊಳೆದೂ ಸುಮ್ಮನಿದ್ದೆನೇ? ದಿನಚರಿಯಲ್ಲಿ ಆ ಬಗ್ಗೆ ಏನೂ ಇಲ್ಲ, ನನಗೂ ಖಚಿತವಿಲ್ಲ. ಹಳೆಯ ಡಿಸ್ಕಿನಲ್ಲಿ ಸಿದ್ಧ ಚಿತ್ರ ಸಿಕ್ಕಿತು. ಆರನೇ ನಿಮಿಷದಲ್ಲಿ ಹನ್ನೊಂದು ಸೆಕೆಂಡು ಲಕ್ಷ್ಮೀದೇವಮ್ಮ ಇದ್ದರು. ಮುಖ, ಭುಜ, ಮುಂದೆ ಬಗ್ಗಿ ಮತ್ತೆ ಹಿಂದೆ ಸರಿಯುವ ಮೈ. ಫ್ರೇಮಿನ ಕೆಳ ಅಂಚಿನಲ್ಲಿ ಹಬೆ. ಕೈಗಳಿಲ್ಲ.

ಮುನಿಶಾಮಪ್ಪ ಕುರ್ಚಿಯಿಂದ ಎದ್ದು ಪರದೆಯ ಹತ್ತಿರ ಹೋದರು. "ಕೆಳಗೆ ತೋರ್ಸಪ್ಪಾ. ವಸಿ ಕೆಳಕ್ಕೆ."

ಕೆಳಗೆ ಏನೂ ಇಲ್ಲ ಎಂದೆ. ಮಾಲೀಕರು ಕೈ ಕಾಣುವುದು ಬೇಡ ಎಂದಿದ್ದರು, ಅದಕ್ಕೆ ಸಂಕಲನದಲ್ಲಿ ದೃಶ್ಯವನ್ನು ಹಿಗ್ಗಿಸಿ ಕೆಳಭಾಗ ತೆಗೆದಿದ್ದೆ ಎಂದೂ ಹೇಳಿದೆ. ಮೂಲ ಚಿತ್ರೀಕರಣ ಇರಲಿಲ್ಲ. ನಮ್ಮಂಥ ಸಣ್ಣ ಕೋಣೆಗಳಲ್ಲಿ ಕೆಲಸ ಒಪ್ಪಿಸಿದ ಮೇಲೆ ಡಿಸ್ಕ್ ಖಾಲಿ ಮಾಡಿ ಮುಂದಿನ ಮದುವೆ ತುಂಬಿಸುವುದೇ ರೂಢಿ.

"ಈ ಕಂಪ್ಯೂಟರು ಹುಳಕ್ಕೆ ಕನ್ನಡಕ ಹಾಕ್ತೈತೆ," ಎಂದರು ಅವರು. "ಒಂದು ಕೈ ಹಾಕಕ್ಕಾಗಲ್ವಾ?"

ಆಗುತ್ತದೆ. ಚಿತ್ರದ ಅಂಚನ್ನು ಹಿಗ್ಗಿಸಿ, ಅದರಾಚೆ ಇದ್ದಿರಬಹುದಾದದ್ದನ್ನು ಊಹಿಸಿ ತುಂಬುವ ಸೌಲಭ್ಯ ಅದರಲ್ಲಿದೆ. ಮಂಜುಳಾ ಬೇಡವೆನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ. ನಾನು ಬಟನ್ ಒತ್ತಿದೆ. ಸುಮಾರು ನಲವತ್ತು ಸೆಕೆಂಡಿನಲ್ಲಿ ಹಬೆಯ ಕೆಳಗೆ ಬೇಸಿನ್ ಮೂಡಿತು, ಅದರೊಳಗೆ ಎರಡು ನುಣುಪಾದ ಕೈ, ಹೂವು ಬಿಡಿಸುತ್ತಿರುವಂತೆ. ಬೆರಳುಗಳೂ ಐದೈದೇ ಇದ್ದವು. ಮಂಜುಳಾ ಎದ್ದು ಕಿಟಕಿಯ ಬಳಿ ಹೋಗಿ ನಿಂತರು.

ಮುನಿಶಾಮಪ್ಪ ಬಹಳ ಹೊತ್ತು ನೋಡಿದರು. "ಇವಲ್ಲ ಅವಳ ಕೈ," ಎಂದರು. "ಇರ್ಲಿ ಬಿಡಪ್ಪ. ಇಷ್ಟು ನುಣ್ಣಗೆ ಒಂದು ದಿನಾನೂ ಇರ್ಲಿಲ್ಲ. ನನ್ನ ಫೋನಿಗೆ ಹಾಕ್ಕೊಡು."

ಹಾಕಿಕೊಟ್ಟೆ.

ಅವರು ಹೋದ ಮೇಲೆ ಆ ಸಂಜೆ ೨೦೧೭ರ ದಿನಚರಿ ತೆಗೆದೆ. ಅದರಲ್ಲಿ ಮಾಲೀಕರ ಮಾತೇ ಇರಲಿಲ್ಲ. ಇದ್ದದ್ದು ಇಷ್ಟು: 'ಬೇಸಿನ್ ಹೆಂಗಸಿನ ಕೈಗಳು ಅಸಹ್ಯವಾಗಿ ಕಾಣುತ್ತಿವೆ. ದೃಶ್ಯ ಹಿಗ್ಗಿಸಿ ಫ್ರೇಮ್ ಮೇಲಕ್ಕೆ ತೆಗೆದುಕೊಂಡೆ. ಈಗ ಚೆನ್ನಾಗಿದೆ.' ಅಕ್ಷರ ನನ್ನದೇ. ಮಾಲೀಕರು ಹಾಗೆ ಹೇಳಿದರೆಂದು ನಾನು ಸುಳ್ಳು ಹೇಳಿರಲಿಲ್ಲ. ಏಳು ವರ್ಷ ಹಾಗೆಂದೇ ನೆನಪಿಟ್ಟುಕೊಂಡಿದ್ದೆ.

ಮಂಜುಳಾರ ಚಿತ್ರ ಕೊನೆಗೆ ಏಳು ನಿಮಿಷದ್ದಾಯಿತು. ಕೊನೆಯ ಶಾಟಿಗೆ ಆ ಹನ್ನೊಂದು ಸೆಕೆಂಡನ್ನೇ ಹಾಕಿ, ಪರದೆಯ ಕೆಳಗಿನ ಅರ್ಧವನ್ನು ಕಪ್ಪಾಗಿ ಬಿಡಬೇಕೆಂದು ಅವರು ಹೇಳಿದರು. ನವೆಂಬರಿನಲ್ಲಿ ಶಿಡ್ಲಘಟ್ಟದ ಒಂದು ಸಭಾಂಗಣದಲ್ಲಿ ನಲವತ್ತು ಜನರೆದುರು ತೋರಿಸಿದೆವು. ಹರಾಜಿಗೆ ಎಲ್ಲರೂ ನಕ್ಕರು. ಕೊನೆಯಲ್ಲಿ ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಪ್ರೊಜೆಕ್ಟರ್ ಸರಿ ಮಾಡ್ರಪ್ಪೋ, ಅರ್ಧ ಕಾಣಿಸ್ತಿಲ್ಲ!"

ಜನವರಿಯಲ್ಲಿ ಮಂಜುಳಾ ಫೋನ್ ಮಾಡಿದರು. ಗೌರಿಬಿದನೂರಿನಿಂದ ಚಿಕ್ಕಮ್ಮ ಬಂದಿದ್ದರಂತೆ. ಅಪ್ಪ ಫೋನಿನ ಚಿತ್ರ ತೋರಿಸಿ, ನಿಮ್ಮಕ್ಕನ ಕೈ ಎಷ್ಟು ನುಣ್ಣಗಿತ್ತು ನೋಡು ಎಂದರಂತೆ. ಚಿಕ್ಕಮ್ಮ ಅಲ್ಲವೆಂದದ್ದಕ್ಕೆ ಜಗಳವಾಯಿತಂತೆ.

"ಅಮ್ಮನ ಕೈಗೆ ಏನೂ ಆಗೇ ಇರ್ಲಿಲ್ಲ ಅಂತಾರೆ ಸರ್ ಈಗ. ಬಿಸಿನೀರು ಅವಳಿಗೆ ಒಗ್ಗಿತ್ತು ಅಂತಾರೆ. ನನಗೂ ಕಣ್ಣು ಮುಚ್ಚಿದ್ರೆ ಆ ಕಂಪ್ಯೂಟರ್ ಕೈನೇ ಬರತ್ತೆ."

ಆಗ ನಾನು ದಿನಚರಿಯ ಆ ಸಾಲನ್ನು ಅವರಿಗೆ ಓದಿ ಹೇಳಿದೆ. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಮಂಜುಳಾ ಕೇಳಿದರು: "ಹಂಗಾದ್ರೆ ನೀವು ಚೆನ್ನಾಗಿ ನೋಡಿದೀರ ಸರ್. ನೋಡಿದ್ದಕ್ಕೇ ತಾನೆ ತೆಗ್ದಿದ್ದು? ಹೇಳಿ, ಸೊಟ್ಟಗಿದ್ದದ್ದು ಯಾವ ಕೈ ಬೆರಳು?"

ನನಗೆ ಹಬೆ ನೆನಪಿತ್ತು. ತಣ್ಣೀರಿನ ಬಟ್ಟಲು ನೆನಪಿತ್ತು, ಅಂಚು ನೆಗ್ಗಿದ ಸ್ಟೀಲ್ ಬಟ್ಟಲು, ಅಥವಾ ಅದೂ ನಾನೇ ಸೇರಿಸಿಕೊಂಡದ್ದಿರಬಹುದು. ಕೈ ಇರಲಿಲ್ಲ. ಗೊತ್ತಿಲ್ಲಮ್ಮ ಎಂದೆ.

ಈಗ ಯಾವುದೇ ದೃಶ್ಯವನ್ನು ಕತ್ತರಿಸುವ ಮೊದಲು ಏನನ್ನು ತೆಗೆಯುತ್ತಿದ್ದೇನೆಂದು ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಚಿತ್ರದಲ್ಲಿ ಉಳಿಸಿಕೊಂಡದ್ದನ್ನು ಯಾರಾದರೂ ನೋಡಿಯಾರು. ತೆಗೆದದ್ದನ್ನು ನೋಡಿದವನು ನಾನೊಬ್ಬನೇ, ಅದಕ್ಕೆ ಇನ್ನೊಬ್ಬ ಸಾಕ್ಷಿಯಿಲ್ಲ. ಇಷ್ಟು ಕಲಿಯಲು ನನಗೆ ಇಪ್ಪತ್ತೊಂದು ವರ್ಷ ಬೇಕಾಯಿತು. ಪುಸ್ತಕದ ಮೊದಲ ಪುಟದಲ್ಲಿ ಲಕ್ಷ್ಮೀದೇವಮ್ಮ, ೨೦೧೭ ಎಂದು ಬರೆದಿದ್ದೇನೆ. ಅದರ ಕೆಳಗೆ ಬರೆಯಲು ನನ್ನ ಬಳಿ ಏನೂ ಇಲ್ಲ.