ಯಾರ ಬೊಗಸೆ

“ನಾ ಈ ಕೆಲಸಕ್ಕ ಬಂದಾಗ ಯಾರೂ ಏನೂ ಹೇಳಿಕೊಡ್ಲಿಲ್ಲ ಆಯಿ. ‘ನೋಡಿ ಕಲಿ’ ಅಂದ್ರು. ಏನ ನೋಡೂದು? ದಾವಲಬೀ ಖಾಲಾನ ಕೈ ಒಂದ ಕಡಿ ನಿಂತರ ನೋಡಬೇಕಲ್ಲ! ಕೇಳಿದ್ರ ಬೈತಿದ್ಲು. ಒಂದ ತಿಂಗಳ ಪಗಾರ ಇಲ್ದ ಕಲತೆ. ಒಡದ ರೊಟ್ಟಿ ಮನಿಗೆ ಒಯ್ತಿದ್ದೆ, ನಮ್ಮ ಮಂದಿ ತಿಂಗಳತನಕ ಚೂರೇ ತಿಂದ್ರು. ಹೊಸದಾಗಿ ಬಂದಾಕಿಗೆ ಹಂಗ ಆಗಬಾರದಂತ ಫೋನಿನಾಗ ಒಂದು ಹಾಳಿ ಮಾಡೇನಿ. ಇಂಟರ್ನೆಟ್ಟಿನಾಗ ಇರೂ ಹಾಳಿ. ಇಲ್ಲಿ ರೊಟ್ಟಿ ಬಡಿಯೂ ಆರೂ ಮಂದಿ ತಮ್ಮ ತಮ್ಮ ಫೋನಿನಾಗಿಂದ ಅದರಾಗ ಬರೀಬಹುದು, ಅಳಸಬಹುದು. ಒಬ್ಬಾಕಿ ತಿದ್ದಿದ್ರ ಎಲ್ಲಾರಿಗೂ ಕಾಣತದ. ಬರಿಯಾಕ ಬರದಿದ್ರ ಮಾತಾಡಿದ್ರ ಸಾಕು, ಫೋನೇ ಬರಕೋತದ.”

ಇದು ಸಾಬೇರಾಳ ಮಾತು. ಹುಟ್ಟಿದ್ದು ಸುರಪುರದಲ್ಲಿ, ಕೊಟ್ಟಿದ್ದು ಯಾದಗಿರಿಗೆ. ಇಲ್ಲಿನ ಬಸ್‌ ನಿಲ್ದಾಣದ ಹಿಂದಿನ ಓಣಿಯಲ್ಲಿ ಗುರಣ್ಣನವರ ರೊಟ್ಟಿ ಕೇಂದ್ರವಿದೆ. ಅಲ್ಲಿ ಐದು ವರ್ಷದಿಂದ ರೊಟ್ಟಿ ಬಡಿಯುತ್ತಾಳೆ. ಅಲ್ಲಿನ ಹಿರಿಯಳಾದ ದಾವಲಬೀಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಾಳೆ. ನಾನು ಅಲ್ಲಿಗೆ ಜೋಳ ಹಸನು ಮಾಡಲು ಹೋಗುತ್ತೇನೆ. ಕೈ ಮೊರದಲ್ಲಿ, ಕಿವಿ ಅವರ ಮಾತಿನಲ್ಲಿ.

ದಾವಲಬೀ ತನ್ನ ಮನೆಯಲ್ಲಿ ಕೂತು ತಿದ್ದಿದ್ದು ಸಾಬೇರಾಳ ಕೈಯೊಳಗೆ ಹೇಗೆ ಬಂತು? ಹಾಗಾದರೆ ಆ ಹಾಳೆ ಇರುವುದೆಲ್ಲಿ? ಕೇಳಿದೆ. “ನನಗೂ ಗೊತ್ತಿಲ್ಲ ಆಯಿ. ಆದ್ರ ಬರತದ” ಅಂದಳು.

ಹೋದ ತಿಂಗಳು ರಾಮಸಮುದ್ರದಿಂದ ಮೌನಮ್ಮ ಎಂಬ ಹೊಸ ಹೆಣ್ಣುಮಗಳು ಬಂದಳು. ಕಲಿಯುವ ತಿಂಗಳಿಗೆ ಪಗಾರವಿಲ್ಲ ಎಂದರು ಗುರಣ್ಣ.

ಸಾಬೇರಾ ಬಿಡಲಿಲ್ಲ. “ಸಾವಕಾರ್ರ, ಹಾಳಿ ಓದಿ ಎಂಟ ದಿನದಾಗ ಕಲೀತಾಳ. ಮೊದಲನೇ ದಿನದಿಂದ ಪಗಾರ ಹಚ್ರಿ.”

“ಎಂಟನೇ ದಿನಾನೂ ರೊಟ್ಟಿ ಒಡದ್ರ?”

“ಆಕಿನ್ನ ಮನಿಗೆ ಕಳಸ್ರಿ. ನನ್ನ ಹಾಳೀನೂ ಅಳಸಿಬಿಡ್ತೀನಿ.”

ಮೌನಮ್ಮ ಏಳನೇ ತರಗತಿ ಓದಿದವಳು. ದಿನಾ ಬಸ್ಸಿನಲ್ಲಿ ಹಾಳೆ ಓದಿಕೊಂಡೇ ಬರುತ್ತಿದ್ದಳು. ಮೊದಲ ದಿನವೇ ಕೇಳಿದಳು: “ಅಕ್ಕಾ, ಹಿಟ್ಟು ನಾದೂದ್ರಾಗ ಬೆಕ್ಕು ಎಲ್ಲಿಂದ ಬಂತು?”

ನೋಡಿದರೆ, ದಾವಲಬೀ ಹೇಳಿ ಬರೆಸಿದ್ದು ಹೀಗಿತ್ತು: ‘ಕುದಿಯೋ ನೀರಿಗೆ ಹಿಟ್ಟು ಹಾಕಿ ಮುಚ್ಚಿಡು ಏ ಬೆಕ್ಕು ಬಂತು ಓಡಸ್ರೇ ಆಮೇಲೆ ನಾದು.’ ಎಲ್ಲರೂ ಬಿದ್ದು ಬಿದ್ದು ನಕ್ಕರು, ಹಂಚಿನ ಮೇಲಿನ ರೊಟ್ಟಿ ಕರಕಾಯಿತು. “ಬೆಕ್ಕ ಓಡಸೂದೂ ಕೆಲಸಾನೇ. ಇರ್ಲಿ ಬಿಡ್ರಿ” ಅಂದಳು ದಾವಲಬೀ.

ಐದನೇ ದಿನಕ್ಕೆ ನಗು ಉಳಿಯಲಿಲ್ಲ. ಮೌನಮ್ಮನ ಹಿಟ್ಟು ಒಂದು ದಿನ ಕೈಗೆ ಅಂಟುತ್ತಿತ್ತು, ಮರುದಿನ ರೊಟ್ಟಿ ನಡುವೆಯೇ ಬಿರಿಯುತ್ತಿತ್ತು. ಹುಡುಗಿ ಕಣ್ಣು ಒರೆಸಿಕೊಂಡಳು. “ಹಾಳ್ಯಾಗ ಇದ್ದಂಗೇ ಮಾಡೇನಿ ಅಕ್ಕಾ. ನಿನ್ನಿ ಒಂದು ಚರಿಗಿ ನೀರಿಗೆ ಮೂರು ಬೊಗಸಿ ಹಿಟ್ಟು ಅಂತಿತ್ತು. ಇವತ್ತು ನಾಕು ಆಗ್ಯದ.”

ಯಾರು ಯಾವಾಗ ಏನು ತಿದ್ದಿದರು ಎಂಬುದನ್ನೂ ಆ ಹಾಳೆ ಮರೆಯುವುದಿಲ್ಲವಂತೆ. ಸಾಬೇರಾ ಒತ್ತಿ ಒತ್ತಿ ನೋಡಿದಳು. ಆ ಒಂದು ಸಾಲು ಹನ್ನೊಂದು ಸಲ ಬದಲಾಗಿತ್ತು. ಒಂದು ರಾತ್ರಿ ಉಂಡು ಕೂತು ದಾವಲಬೀ ನಾಲ್ಕು ಮಾಡುವುದು, ಮರುದಿನ ರಾತ್ರಿ ಅವಳ ಪಕ್ಕದ ಒಲೆಯಲ್ಲಿ ಬಡಿಯುವ ಭೀಮವ್ವ ಮೂರು ಮಾಡುವುದು.

“ಆಕಿ ತಪ್ಪ ಬರದಿದ್ಲು, ತಿದ್ದಿದೆ” ಅಂದಳು ದಾವಲಬೀ.

“ನಂದು ತಪ್ಪ? ಇಪ್ಪತ್ತ ವರ್ಷ ಬಡದೇನಿ!” ಭೀಮವ್ವ ಎದ್ದೇ ನಿಂತಳು.

ನಾನು ಮೊರ ಕೆಳಗಿಟ್ಟೆ. ಇಬ್ಬರದೂ ಒಂದೇ ಚರಿಗೆ. ಇಬ್ಬರ ರೊಟ್ಟಿಯೂ ಒಡೆಯುವುದಿಲ್ಲ. ಮತ್ತೆ ಒಬ್ಬಳಿಗೆ ಮೂರು, ಒಬ್ಬಳಿಗೆ ನಾಲ್ಕು ಹೇಗೆ?

ಸಾಬೇರಾ ಯಾರನ್ನೂ ಬೈಯಲಿಲ್ಲ. ರೊಟ್ಟಿ ಕಟ್ಟು ತೂಗುವ ತಕ್ಕಡಿ ತಂದಿಟ್ಟು, “ಒಂದೊಂದು ಬೊಗಸಿ ಹಾಕ್ರಿ” ಅಂದಳು. ದಾವಲಬೀಯ ಬೊಗಸೆ ನೂರಾ ಎಂಬತ್ತು ಗ್ರಾಂ ಬಂತು. ಭೀಮವ್ವನದು ಇನ್ನೂರಾ ನಲವತ್ತು. ಆ ನಾಲ್ಕು, ಈ ಮೂರು, ಎರಡೂ ಒಂದೇ: ಏಳುನೂರಾ ಇಪ್ಪತ್ತು.

“ಅದು ಕೈಯಲ್ಲ, ಮೊರ” ಅಂದಳು ದಾವಲಬೀ.

“ನಿಂದು ಚಮಚಾ” ಅಂದಳು ಭೀಮವ್ವ.

ಆಮೇಲೆ ಮೌನಮ್ಮ ತನ್ನ ಬೊಗಸೆ ಹಾಕಿದಳು. ಇನ್ನೂರಾ ಐದು. ಸಾಬೇರಾ ಜಗಳದ ಸಾಲು ಅಳಿಸಿ, ಮೊದಲು ನಿಮ್ಮ ಬೊಗಸೆ ತೂಗಿರಿ ಎಂದು ಬರೆದು, ಕೆಳಗೆ ಒಬ್ಬೊಬ್ಬರ ಹೆಸರು, ಅವರವರ ಲೆಕ್ಕ ಹಾಕಿದಳು. ಕೊನೆಯಲ್ಲಿ: ಮೌನಮ್ಮ, ಮೂರೂವರೆ.

ಎಂಟನೇ ದಿನ ಗುರಣ್ಣ ಬಂದರು. ಮೌನಮ್ಮನ ಕಟ್ಟಿನ ನಡುವಿನಿಂದ ಒಂದು ಬಿಸಿ ರೊಟ್ಟಿ ಎಳೆದು ಮಡಚಿದರು. ಸಾಬೇರಾ ಫೋನನ್ನು ಸೆರಗಿನಲ್ಲಿ ಒತ್ತಿ ಹಿಡಿದಿದ್ದಳು. ನಡು ಬಾಗಿತು, ಅಂಚು ಸ್ವಲ್ಪ ಸೀಳಿತು. ಸೀಳಿದ ಚೂರನ್ನು ಬಾಯಿಗೆ ಹಾಕಿಕೊಂಡು ಅಗಿದರು.

“ಅಂಚು ಒಡದದ.”

“ಹೌದ್ರಿ” ಅಂದಳು ಮೌನಮ್ಮ.

“ನಡು ಚಲೋ ಅದ. ನಾಳಿ ಲಗೂನ ಬಾ. ಮೊದಲನೇ ದಿನದಿಂದ ಪಗಾರ ಹಚ್ತೀನಿ.”

ಅವರು ಓಣಿ ದಾಟಿದ ಮೇಲೆ ಮೌನಮ್ಮ ಫೋನ್ ತೆಗೆದು ತನ್ನದೊಂದು ಸಾಲು ಸೇರಿಸಿದಳು: ‘ಅಂಚು ಬಿರಿದರೆ ಬೆರಳು ತೋಯಿಸಿಕೊಂಡು ಸವರಬೇಕು.’ ಸಾಬೇರಾ ತನ್ನ ಫೋನಿನಲ್ಲಿ ಓದಿದಳು. ತಿದ್ದಲಿಲ್ಲ.

“ಬೆಕ್ಕಿನ ಮಾತು ಇನ್ನೂ ಅದ ಏನು?” ದಾವಲಬೀ ಕೇಳಿದಳು.

“ಅದ ಖಾಲಾ.”

ಮೌನಮ್ಮ ಸೆರಗು ಸಿಕ್ಕಿಸಿ ನಾದುವ ಪರಾತ ಎತ್ತಿಕೊಂಡು ನಳದ ಹತ್ತಿರ ಹೋದಳು. ಒಣಗಿದ ಹಿಟ್ಟು ನೆನೆಯುವಷ್ಟು ನೀರು ಬಿಟ್ಟು, ಉಗುರಿನಿಂದ ಕೆರೆದು, ತಿಕ್ಕಿ ತೊಳೆದು ಗೋಡೆಗೆ ಆನಿಸಿಟ್ಟಳು.